ಗಾಯದ ಪಟ್ಟು ಗೋಡೆಗೆ ಹತ್ತಿದ ಬಗೆ

ಮನೆ ಕಟ್ಟಿಸುವವರ ಬಾಯಲ್ಲಿ ದಿನವಿಡೀ ಇದೇ ಮಾತು. ಒಳಗಿನ ಪ್ಲಾಸ್ಟರ್ ಮುಗೀತಾ, ಹೊರಗಿನದಕ್ಕೆ ಎಷ್ಟು ಮೂಟೆ ಬೇಕು, ಹಾಲ್‌ಗೆ ಪಿಓಪಿ ಸೀಲಿಂಗ್ ಮಾಡಿಸೋದಾ ಬೇಡ್ವಾ. ಪ್ಲಾಸ್ಟರ್ ಅನ್ನೋದು ಇಂಗ್ಲಿಷಿನಿಂದ ಬಂತು, ಇಂಗ್ಲಿಷಿಗೆ ಲ್ಯಾಟಿನ್ನಿನ ‘ಎಂಪ್ಲಾಸ್ಟ್ರಂ’ನಿಂದ ಬಂತು. ಹಾಗಾದರೆ ರೋಮಿನ ಗಾರೆಯವನೂ ಇದನ್ನೇ ಹೇಳುತ್ತಿದ್ದನಾ? ಇಲ್ಲ. ಕೆಲಸದ ಜಾಗದಲ್ಲಿ ಯಾರಾದರೂ ‘ಎಂಪ್ಲಾಸ್ಟ್ರಂ ತನ್ನಿ’ ಅಂದಿದ್ದರೆ, ಯಾರಿಗೆ ಗಾಯವಾಯಿತು ಅಂತ ಅವನು ಗಾಬರಿಯಾಗುತ್ತಿದ್ದ. ಅವನ ಕಾಲದಲ್ಲಿ ಅದು ವೈದ್ಯರ ಮಾತು. ಗೋಡೆಗೆ ಹಚ್ಚುವುದಕ್ಕೆ ಅವನ ಹತ್ತಿರ ಬೇರೆಯೇ ಹೆಸರುಗಳಿದ್ದವು, ಒಂದಲ್ಲ, ಅರ್ಧ ಡಜನ್.

ಎಲ್ಲಕ್ಕಿಂತ ಹಳೆಯದು ಮಣ್ಣು. ಲ್ಯಾಟಿನ್‌ನಲ್ಲಿ ಲೂಟಂ. ಕ್ರಿ.ಪೂ. 2ನೇ ಶತಮಾನದಲ್ಲಿ ಕೇಟೋ ಎಂಬ ಹಿರಿಯ ರಾಜಕಾರಣಿ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಮನೆಗೆ ಮಣ್ಣು ಮೆತ್ತುವ ವಿಧಾನವಿದೆ. ಜಿಗುಟು ಮಣ್ಣೋ ಕೆಮ್ಮಣ್ಣೋ ತೆಗೆದುಕೊಳ್ಳಿ. ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಕಪ್ಪು ಗಸಿಯನ್ನು ಅದಕ್ಕೆ ಸುರಿಯಿರಿ, ಹೊಟ್ಟು ಹಾಕಿ, ನಾಲ್ಕು ದಿನ ಕೊಳೆಯಲು ಬಿಡಿ. ಚೆನ್ನಾಗಿ ಕೊಳೆತ ಮೇಲೆ ಸಲಿಕೆಯಲ್ಲಿ ಕೊಚ್ಚಿ ಕಲಸಿ ಮೆತ್ತಿ. ಹೀಗೆ ಮಾಡಿದರೆ ತೇವ ಹಿಡಿಯೋದಿಲ್ಲ, ಇಲಿ ತೂತು ಕೊರೆಯೋದಿಲ್ಲ, ಹುಲ್ಲು ಹುಟ್ಟೋದಿಲ್ಲ, ಬಿರುಕು ಬಿಡೋದಿಲ್ಲ ಅನ್ನುತ್ತಾನೆ. ಮಣ್ಣಿನ ಮನೆ ನೋಡಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಣ್ಣೆಯ ಗಸಿ ಮಾತ್ರ ಅವರ ಊರಿನದು.

ಊರು ದೊಡ್ಡದಾದಂತೆ, ಕೈಯಲ್ಲಿ ದುಡ್ಡು ಓಡಾಡಿದಂತೆ ಮಣ್ಣಿನ ಜಾಗಕ್ಕೆ ಸುಣ್ಣ ಬಂತು. ಆಗ ಬಳಕೆಗೆ ಬಂದ ಮುಖ್ಯ ಮಾತು ಟೆಕ್ಟೋರಿಯಂ. ‘ಟೆಗೆರೆ’ ಅಂದರೆ ಮುಚ್ಚು, ಹೊದಿಸು. ಛಾವಣಿಗೆ ಟೆಕ್ಟಂ, ಗೋಡೆಯ ಹೊದಿಕೆಗೆ ಟೆಕ್ಟೋರಿಯಂ, ಅದನ್ನು ಮಾಡುವವನು ಟೆಕ್ಟೋರ್. ಇದೇ ಬೇರಿನಿಂದ ಇಂಗ್ಲಿಷಿನ ‘ಪ್ರೊಟೆಕ್ಟ್’ ಬಂತು. ಮುಚ್ಚಿದ್ದನ್ನು ತೆಗೆದು ನೋಡುವ ‘ಡಿಟೆಕ್ಟಿವ್’ ಕೂಡ ಅಲ್ಲಿಂದಲೇ.

ಮುಚ್ಚುವುದು ಅಂದ ಮೇಲೆ ಅನುಮಾನವೂ ಬರುತ್ತದಲ್ಲ. ರೋಮಿನ ಕವಿಗಳು ಅದನ್ನು ಬಿಡಲಿಲ್ಲ. ಪರ್ಸಿಯಸ್ ಎಂಬ ವಿಡಂಬನಕಾರ ಮುಖಸ್ತುತಿಯ ಮಾತನ್ನು ಬಣ್ಣ ಬಳಿದ ನಾಲಿಗೆಯ ಟೆಕ್ಟೋರಿಯಂ ಅಂದ. ಜುವೆನಾಲ್ ಇನ್ನೂ ಕಟು. ಹೆಂಗಸರು ಮುಖಕ್ಕೆ ದಪ್ಪಗೆ ಮೆತ್ತಿಕೊಳ್ಳುವ ಲೇಪಕ್ಕೂ ಅದೇ ಹೆಸರಿಟ್ಟ.

ಆದರೆ ಟೆಕ್ಟೋರಿಯಂ ಅನ್ನು ನ್ಯಾಯಾಲಯದ ಕಟಕಟೆಗೆ ಎಳೆದವನು ರೋಮಿನ ವಕೀಲ ಸಿಸೆರೊ. ಆ ಪ್ರಸಂಗ ಬಹಳ ಸೊಗಸಾಗಿದೆ. ರೋಮಿನ ಫೋರಂನಲ್ಲಿ, ಅಂದರೆ ಊರ ನಡುವಿನ ಚೌಕದಲ್ಲಿ, ಕ್ಯಾಸ್ಟರ್ ದೇವಾಲಯವಿತ್ತು. ಅದರ ನಿರ್ವಹಣೆಯ ಕಂಟ್ರಾಕ್ಟ್ ಹಿಡಿದಿದ್ದವನು ಚಿಕ್ಕ ಮಗನನ್ನು ಬಿಟ್ಟು ತೀರಿಕೊಂಡ. ದೇವಾಲಯ ಸರಿಯಾದ ಸ್ಥಿತಿಯಲ್ಲಿದೆಯಾ ಅಂತ ನೋಡುವ ಕೆಲಸ ಕ್ರಿ.ಪೂ. 74ರಲ್ಲಿ ಪ್ರೀಟರ್, ಅಂದರೆ ನ್ಯಾಯಾಧಿಕಾರಿ, ಆಗಿದ್ದ ವೆರ್ರೆಸ್‌ನ ಪಾಲಿಗೆ ಬಂತು. ಅವನೇ ಹೋಗಿ ನೋಡಿದ. ಎಲ್ಲಾ ನೆಟ್ಟಗಿದೆ, ದುಡ್ಡು ಹೊಡೆಯಲು ಎಲ್ಲೂ ಸಂದಿಲ್ಲ. ಆಗ ಜೊತೆಗಿದ್ದ ಬಾಲಬಡುಕನೊಬ್ಬ ಹೇಳಿದ: ‘ಇಲ್ಲಿ ನಿಮಗೇನೂ ಕೆಲಸವಿಲ್ಲ ಸ್ವಾಮಿ, ಕಂಬಗಳು ತೂಗುಗುಂಡಿಗೆ ಸರಿಯಾಗಿ ನಿಲ್ಲಬೇಕು ಅಂತ ಹಟ ಹಿಡಿದರೆ ಬೇರೆ ಮಾತು.’ ವೆರ್ರೆಸ್‌ಗೆ ತೂಗುಗುಂಡು ಅಂದರೇನು ಅಂತಲೇ ಗೊತ್ತಿರಲಿಲ್ಲವಂತೆ. ಕೂದಲೆಳೆಯಷ್ಟೂ ವಾಲದ ಕಂಬ ಇರೋದೇ ಇಲ್ಲ ಅಂತ ಜೊತೆಯವರು ತಿಳಿಸಿದರು. ಅವನಿಗೆ ಅಷ್ಟೇ ಸಾಕಾಯಿತು.

ಕಂಬ ಸರಿಪಡಿಸುವ ಕೆಲಸಕ್ಕೆ 5,60,000 ಸೆಸ್ಟರ್ಸ್ ನಾಣ್ಯ ಅಂತ ಬೇರೊಬ್ಬನಿಗೆ ಕಂಟ್ರಾಕ್ಟ್ ಕೊಟ್ಟ. ಹೊರೆ ಬಿದ್ದದ್ದು ಅಪ್ಪನಿಲ್ಲದ ಆ ಹುಡುಗನ ಆಸ್ತಿಯ ಮೇಲೆ. ವೆರ್ರೆಸ್‌ನ ಭ್ರಷ್ಟಾಚಾರದ ಮೊಕದ್ದಮೆ ಕ್ರಿ.ಪೂ. 70ರಲ್ಲಿ ನಡೆದಾಗ ಸಿಸೆರೊ ಈ ಲೆಕ್ಕ ಬಿಚ್ಚಿಟ್ಟ. ನೀವು ನೋಡುತ್ತಿರುವ ಆ ಬೆಳ್ಳಗಿನ ಕಂಬಗಳನ್ನು ಯಂತ್ರ ಇಟ್ಟು ಇಳಿಸಿ, ಅವೇ ಕಲ್ಲುಗಳನ್ನು ಮತ್ತೆ ಅಲ್ಲೇ ಜೋಡಿಸಿದ್ದಾರೆ ಅಂದ. ಒಂದು ಕಂಬವನ್ನಂತೂ ಮುಟ್ಟಿಯೂ ಇಲ್ಲ, ಹಳೆಯ ಟೆಕ್ಟೋರಿಯಂ ಕೆರೆದು ಹೊಸದು ಬಳಿದಿದ್ದಾರೆ ಅಷ್ಟೇ ಅಂದ. ಈ ಭಾಷಣವನ್ನು ಆತ ನಿಜವಾಗಿ ಮಾಡಲಿಲ್ಲ. ವೆರ್ರೆಸ್ ಅದಕ್ಕೂ ಮೊದಲೇ ಊರು ಬಿಟ್ಟಿದ್ದ, ಸಿಸೆರೊ ಅದನ್ನು ಬರೆದು ಪ್ರಕಟಿಸಿದ. ಇರಲಿ, ಬಿಲ್ ಮಾಡುವ ಈ ಕಲೆ ಅಲ್ಲಿಗೇ ನಿಂತಿತು ಅಂತ ನಂಬುವಷ್ಟು ಮುಗ್ಧರು ನಮ್ಮಲ್ಲಿ ಯಾರೂ ಇಲ್ಲ.

ಬಿಳಿಗೆ ಲ್ಯಾಟಿನ್‌ನಲ್ಲಿ ಆಲ್ಬಸ್. ನಯವಾದ ಬಿಳಿ ಗಾರೆಗೆ ಆಲ್ಬಾರಿಯಂ, ಸುಣ್ಣ ಬಳಿಯುವುದಕ್ಕೆ ಡೆಆಲ್ಬಾರೆ. ಸರ್ಕಾರಿ ಪ್ರಕಟಣೆಗಳನ್ನು ಬರೆಯಲು ಬೆಳ್ಳಗೆ ಬಳಿದ ಹಲಗೆಗೆ ಆಲ್ಬಂ ಅನ್ನುತ್ತಿದ್ದರು. ಪ್ರೀಟರ್‌ನ ಆಜ್ಞೆಗಳು ಅಲ್ಲಿ ಬರುತ್ತಿದ್ದವು. ಆಮೇಲೆ ಹೆಸರುಗಳ ಪಟ್ಟಿಗೂ ಅದೇ ಮಾತು ಬಂತು, ಎಷ್ಟೋ ಶತಮಾನ ಕಳೆದ ಮೇಲೆ ಖಾಲಿ ಹಾಳೆಗಳ ಪುಸ್ತಕಕ್ಕೂ. ಮದುವೆ ಆಲ್ಬಮ್ ಅಂತ ನಾವು ಕಪಾಟಿನಲ್ಲಿ ಇಟ್ಟುಕೊಂಡಿರೋದು ಆ ಹಲಗೆಯ ವಂಶದ್ದೇ. ಬೈಬಲ್ಲಿನ ಲ್ಯಾಟಿನ್ ಅನುವಾದದಲ್ಲಿ ಕಪಟಿಗಳನ್ನು ಸುಣ್ಣ ಬಳಿದ ಸಮಾಧಿಗೆ ಹೋಲಿಸುವ ಕಡೆ ಇದೇ ಡೆಆಲ್ಬಾರೆ ಬರುತ್ತದೆ.

ಕೆಲಸದ ಒಳಗುಟ್ಟು ಬೇಕಾದರೆ ವಿಟ್ರುವಿಯಸ್ ಹತ್ತಿರ ಹೋಗಬೇಕು. ಆಗಸ್ಟಸ್ ಚಕ್ರವರ್ತಿಗೆ ಅರ್ಪಿಸಿದ ಅವನ ವಾಸ್ತು ಗ್ರಂಥದಲ್ಲಿ ಹತ್ತು ಭಾಗಗಳಿವೆ. ಏಳನೆಯದು ಬರೀ ನೆಲ, ಗೋಡೆ, ಬಣ್ಣದ್ದು. ಗೋಡೆಯ ಕೆಲಸವನ್ನು ಅವನು ಸುಣ್ಣದಿಂದ ಶುರು ಮಾಡುತ್ತಾನೆ. ಸುಣ್ಣಕ್ಕೆ ಲ್ಯಾಟಿನ್‌ನಲ್ಲಿ ಕಾಲ್ಕ್ಸ್. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದ್ದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ವಾಪಸ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಸುಟ್ಟ ಸುಣ್ಣವನ್ನು ‘ಜೀವಂತ ಸುಣ್ಣ’, ಅರಳಿದ್ದನ್ನು ‘ಆರಿಸಿದ ಸುಣ್ಣ’ ಅನ್ನುತ್ತಿದ್ದರು. ಬೆಂಕಿಯನ್ನು ಆರಿಸುವ ನೀರು ಇದಕ್ಕೆ ಬಿದ್ದರೆ ಬಿಸಿ ಏಳುತ್ತದೆ, ಬೆಂಕಿ ಹತ್ತಿಸುವ ಎಣ್ಣೆ ಬಿದ್ದರೆ ಏನೂ ಆಗೋದಿಲ್ಲ, ಇದೆಂಥ ವಿಚಿತ್ರ ಅಂತ ಸಂತ ಅಗಸ್ಟೀನ್ 5ನೇ ಶತಮಾನದಲ್ಲಿ ಬೆರಗುಪಟ್ಟಿದ್ದ.

ಅರಳಿದ ಸುಣ್ಣವನ್ನು ಗುಂಡಿಯಲ್ಲಿ ಬಹಳ ಕಾಲ ನೆನೆಯಲು ಬಿಡಬೇಕು ಅನ್ನುತ್ತಾನೆ ವಿಟ್ರುವಿಯಸ್. ಹದ ನೋಡುವುದು ಗುದ್ದಲಿಯಿಂದ. ಸೌದೆ ಸೀಳುವ ಹಾಗೆ ಸುಣ್ಣವನ್ನು ಕೊಚ್ಚಿ ನೋಡಿ. ಹರಳು ಸಿಕ್ಕರೆ ಇನ್ನೂ ನೆಂದಿಲ್ಲ. ಕಬ್ಬಿಣ ಒಣಗಿಕೊಂಡು ಚೊಕ್ಕಟವಾಗಿ ಹೊರಗೆ ಬಂದರೆ ಸುಣ್ಣಕ್ಕೆ ಸತ್ವವಿಲ್ಲ, ಅದು ಬಾಯಾರಿದೆ. ಅಂಟಿನ ಹಾಗೆ ಮೆತ್ತಿಕೊಂಡು ಬಂದರೆ ಹದ ಸರಿ. ‘ಬಾಯಾರಿದ ಸುಣ್ಣ’ ಅವನದೇ ಮಾತು, ನನ್ನದಲ್ಲ.

ಇನ್ನು ಪದರಗಳು. ಮೊದಲು ಒರಟು ಕೈ, ಅದಕ್ಕೆ ಟ್ರುಲ್ಲಿಸ್ಸಾಟಿಯೊ ಅಂತ ಹೆಸರು. ಟ್ರುಲ್ಲಾ ಅಂದರೆ ಸೌಟು, ಗಾರೆಯವನ ಕೈಯಲ್ಲಿ ಅದೇ ಕರಣೆ. ಅದರ ಮೇಲೆ ಮರಳು ಬೆರೆಸಿದ ಗಾರೆ ಮೂರು ಪದರ, ಅದು ಹರೇನಾಟಂ. ಅದರ ಮೇಲೆ ಅಮೃತಶಿಲೆಯ ಪುಡಿ ಬೆರೆಸಿದ್ದು ಮತ್ತೆ ಮೂರು ಪದರ. ಮೊದಲನೆಯದಕ್ಕೆ ದಪ್ಪ ಪುಡಿ, ಆಮೇಲೆ ಮಧ್ಯಮ, ಕೊನೆಗೆ ನುಣುಪು. ಇದು ಮಾರ್ಮೊರಾಟಂ. ಒಟ್ಟು ಏಳು. ತಿಕ್ಕಿ ತಿಕ್ಕಿ ನಯ ಮಾಡಿದರೆ ನೋಡುವವರ ಮುಖ ಗೋಡೆಯಲ್ಲಿ ಕಾಣಬೇಕು ಅನ್ನುತ್ತಾನೆ. ಹಸಿ ಗಾರೆಯ ಮೇಲೆ ಬಳಿದ ಬಣ್ಣ ಯಾವ ಕಾಲಕ್ಕೂ ಮಾಸೋದಿಲ್ಲ ಅಂತಲೂ ಹೇಳುತ್ತಾನೆ. ಗಾರೆ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಇಂಥ ಚಿತ್ರಕ್ಕೆ ಫ್ರೆಸ್ಕೊ ಅನ್ನೋ ಇಟಾಲಿಯನ್ ಹೆಸರು ಬಂದದ್ದು ಎಷ್ಟೋ ಕಾಲದ ಮೇಲೆ.

ತೇವ ಏರುವ ಕಡೆ ಮಾತ್ರ ಅವನ ಸಲಹೆ ಬೇರೆ. ನೆಲದಿಂದ ಸುಮಾರು ಮೂರು ಅಡಿವರೆಗೆ ಮರಳಿನ ಬದಲು ಸುಟ್ಟ ಹೆಂಚಿನ ಪುಡಿ ಬೆರೆಸಿ ಅನ್ನುತ್ತಾನೆ. ನಮ್ಮ ಸುರ್ಕಿ ಗಾರೆಯೂ ಇದೇ ಜಾತಿಯದು. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರೋದು ಸುಣ್ಣ ಸುರ್ಕಿಯೇ.

ಏಳು ಪದರವನ್ನು ಎಲ್ಲರೂ ಹಾಕಿಸುತ್ತಿದ್ದರಾ? ಎಲ್ಲಿ ಬಂತು! ರೋಮನರ ಕಾಲದ ಪೊಂಪೇಯ್ ಊರಿನ ಬಹುಪಾಲು ಗೋಡೆಗಳಲ್ಲಿ ಅಷ್ಟು ಪದರಗಳಿಲ್ಲ. ವಿಟ್ರುವಿಯಸ್ ಬರೆದದ್ದು ಹೀಗಿದ್ದರೆ ಚೆನ್ನ ಅನ್ನುವ ಲೆಕ್ಕ. ನೂರು ವರ್ಷದ ಮೇಲೆ ಬರೆದ ರೋಮಿನ ವಿಶ್ವಕೋಶಕಾರ ಪ್ಲಿನಿ, ಮರಳಿನದು ಮೂರು, ಅಮೃತಶಿಲೆಯದು ಎರಡು ಇರದಿದ್ದರೆ ಹೊಳಪು ಬರೋದಿಲ್ಲ ಅಂದ. ಅಂದರೆ ಒಂದು ಪದರ ಆಗಲೇ ಉಳಿತಾಯ. ಪ್ಲಿನಿ ಇನ್ನೊಂದು ಮಾತನ್ನೂ ಹೇಳುತ್ತಾನೆ: ರೋಮ್ ನಗರದಲ್ಲಿ ಕಟ್ಟಡಗಳು ಕುಸಿಯಲು ಮುಖ್ಯ ಕಾರಣ ಸುಣ್ಣದ ಕಳ್ಳತನ. ಕಲ್ಲುಗಳ ನಡುವೆ ಅಂಟೇ ಇಲ್ಲದೆ ಜೋಡಿಸುತ್ತಾರೆ ಅಂತ. ಹಳೆಯ ಕಾಲದ ಕಟ್ಟಡ ನಿಯಮದಲ್ಲಿ ಕಂಟ್ರಾಕ್ಟರ್ ಮೂರು ವರ್ಷಕ್ಕಿಂತ ಹೊಸ ಸುಣ್ಣ ಬಳಸುವಂತಿರಲಿಲ್ಲವಂತೆ. ಅದಕ್ಕೇ ಆಗಿನ ಗೋಡೆ ಬಿರುಕು ಬಿಡಲಿಲ್ಲ ಅನ್ನುತ್ತಾನೆ. ‘ಆಗಿನ ಕಾಲದ ಕೆಲಸವೇ ಬೇರೆ’ ಅನ್ನುವ ದೂರು ಆಗಲೂ ಇತ್ತು ನೋಡಿ.

ಸುಣ್ಣದ ದಾಯಾದಿ ಜಿಪ್ಸಂ. ಈ ಸಂಬಂಧ ಕಟ್ಟಿದವನೂ ಪ್ಲಿನಿಯೇ. ಗ್ರೀಕ್‌ನಿಂದ ಬಂದ ಮಾತು ಅದು. ಸುಣ್ಣದ ಕಲ್ಲಿಗೆ ಸುಮಾರು 900 ಡಿಗ್ರಿ ಕಾವು ಬೇಕು, ಜಿಪ್ಸಂಗೆ 150ರ ಆಸುಪಾಸು ಸಾಕು. ಅದರೊಳಗಿನ ನೀರು ಹೋಗಿ ಪುಡಿಯಾಗುತ್ತದೆ, ಮತ್ತೆ ನೀರು ಹಾಕಿದರೆ ನೋಡನೋಡುತ್ತಲೇ ಗಟ್ಟಿಯಾಗುತ್ತದೆ. ಈ ಅವಸರವೇ ವಿಟ್ರುವಿಯಸ್‌ಗೆ ಹಿಡಿಸಲಿಲ್ಲ. ಗೋಡೆಯಂಚಿನ ಅಲಂಕಾರದ ಪಟ್ಟಿಗೆ ಜಿಪ್ಸಂ ಬೆರೆಸಬೇಡಿ, ಅದು ಮೊದಲೇ ಒಣಗಿ ಉಳಿದದ್ದನ್ನು ಸಮನಾಗಿ ಒಣಗಲು ಬಿಡೋದಿಲ್ಲ ಅಂತ ಎಚ್ಚರಿಸಿದ. ಅಚ್ಚು ತೆಗೆಯಲು ಮಾತ್ರ ಅದಕ್ಕೆ ಸಾಟಿಯಿಲ್ಲ. ಮನುಷ್ಯರ ಮುಖದ ಅಚ್ಚನ್ನು ಜಿಪ್ಸಂನಲ್ಲಿ ಮೊದಲು ತೆಗೆದವನು ಸಿಕಿಯೋನ್ ಊರಿನ ಲಿಸಿಸ್ಟ್ರಾಟಸ್ ಅಂತ ಪ್ಲಿನಿ ಬರೆದಿದ್ದಾನೆ. ಅದೇ ಪ್ಲಿನಿ ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ. ಆ ಬೂದಿಯಲ್ಲಿ ಹೂತುಹೋದ ಪೊಂಪೇಯ ಜನರ ದೇಹಗಳು ಕರಗಿ ಬರೀ ಟೊಳ್ಳು ಉಳಿದಿತ್ತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಆ ಟೊಳ್ಳಿಗೆ ಜಿಪ್ಸಂ ದ್ರವ ಸುರಿದು, ಸಾಯುವಾಗ ಅವರು ಹೇಗಿದ್ದರೋ ಹಾಗೇ ಹೊರಗೆ ತೆಗೆದರು.

ಇಷ್ಟೆಲ್ಲದರ ನಡುವೆ ಎಂಪ್ಲಾಸ್ಟ್ರಂ ಎಲ್ಲಿತ್ತು? ಔಷಧಿ ಪೆಟ್ಟಿಗೆಯಲ್ಲಿ. ಗ್ರೀಕ್‌ನಲ್ಲಿ ಮೆತ್ತುವುದು ಅನ್ನುವ ಅರ್ಥದಿಂದ ಹುಟ್ಟಿದ ಮಾತು. ನಮ್ಮ ಕಡೆ ಗಾಯಕ್ಕೋ ಊತಕ್ಕೋ ಹಾಕುವ ಪಟ್ಟು ಇದೆಯಲ್ಲ, ಅದೇ. 1ನೇ ಶತಮಾನದ ಸೆಲ್ಸಸ್ ವೈದ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥ ಪಟ್ಟುಗಳ ಉದ್ದ ಪಟ್ಟಿಯೇ ಇದೆ. ಚರ್ಮ ಹರಿಯದ ಕಡೆ ಹಾಕುವುದು ಬೇರೆ, ಹಸಿ ಗಾಯದ ಮೇಲೆ ಹಾಕುವ ಎಂಪ್ಲಾಸ್ಟ್ರಂ ಬೇರೆ ಅಂತ ಅವನು ವಿಂಗಡಿಸುತ್ತಾನೆ. ಎರಡನೆಯದಕ್ಕೆ ಸೀಸದಂಥ ಲೋಹಗಳ ಬೂದಿಯೂ ಬೀಳುತ್ತಿತ್ತು. ತೋಟದವರೂ ಈ ಮಾತನ್ನು ಎರವಲು ಪಡೆದರು. ಒಂದು ಮರದ ಮೊಗ್ಗನ್ನು ತೊಗಟೆ ಸಮೇತ ತೆಗೆದು ಇನ್ನೊಂದು ಮರಕ್ಕೆ ಅಂಟಿಸುವ ಕಸಿಗೆ ಅವರು ಎಂಪ್ಲಾಸ್ಟ್ರಾಟಿಯೊ ಅಂದರು. ಗಾರೆಯವರು ಮಾತ್ರ ಅದರ ತಂಟೆಗೆ ಹೋಗಲಿಲ್ಲ.

ಮಾತು ಜಾಗ ಬದಲಿಸಿದ್ದು ಮಧ್ಯಯುಗದಲ್ಲಿ. ಆಡುಮಾತಿನಲ್ಲಿ ಮುಂದಿನ ‘ಎಂ’ ಉದುರಿ ಪ್ಲಾಸ್ಟ್ರಂ ಆಯಿತು. ಹಳೆಯ ಇಂಗ್ಲಿಷಿಗೆ ಅದು ಮೊದಲು ಬಂದದ್ದೂ ಔಷಧಿಯಾಗಿಯೇ. ಆದರೆ ಫ್ರಾನ್ಸಿನಲ್ಲಿ ಗೋಡೆಗೆ ಮೆತ್ತುವುದಕ್ಕೂ ಅದನ್ನೇ ಹೇಳತೊಡಗಿದರು. ಮೆತ್ತನೆಯ ಮುದ್ದೆ, ಹಚ್ಚಿದರೆ ಅಂಟಬೇಕು, ಒಣಗಬೇಕು. ಕೆಲಸ ಒಂದೇ ತಾನೇ? ಪ್ಯಾರಿಸಿನ ಮೊಂಮಾರ್ತ್ರ್ ಗುಡ್ಡದ ತುಂಬಾ ಜಿಪ್ಸಂ ಇತ್ತು. ಅಲ್ಲಿಂದ ತೆಗೆದು ಸುಟ್ಟು ಊರಿಗೆ ಊರೇ ಮೆತ್ತಿದರು. ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನುವ ಹೆಸರು ಅಲ್ಲಿಂದ, ನಮ್ಮ ಪಿಓಪಿ ಸೀಲಿಂಗೂ ಅದರದೇ ಸಂತಾನ.

ಜಾಗ ಬದಲಿಸಿದ್ದು ಇದೊಂದೇ ಅಲ್ಲ. ಸಿಮೆಂಟಿನ ಮೂಲವಾದ ಕೈಮೆಂಟಂ ರೋಮಿನಲ್ಲಿ ಒರಟು ಕಲ್ಲಿನ ಚೂರು. ಈಗ ಅದು ಕಲ್ಲನ್ನು ಹಿಡಿಯುವ ಅಂಟು. ಮೊರ್ಟಾರಿಯಂ ಅಂದರೆ ಕುಟ್ಟುವ, ಕಲಸುವ ಪಾತ್ರೆ. ಈಗ ಅದು ಪಾತ್ರೆಯೊಳಗಿನ ಗಾರೆ.

ಪ್ಲಾಸ್ಟರ್ ಮಾತ್ರ ಇನ್ನೊಂದು ಸುತ್ತು ಹಾಕಿತು. 1851ರಲ್ಲಿ ಹಾಲೆಂಡಿನ ಸೇನಾ ವೈದ್ಯ ಆಂಟೋನಿಯಸ್ ಮಾಥೈಸನ್ ಬಟ್ಟೆಯ ಪಟ್ಟಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ಒಣಗಿದ್ದಾಗಲೇ ತಿಕ್ಕಿಟ್ಟ. ಮೂಳೆ ಮುರಿದವನು ಬಂದಾಗ ನೀರಿನಲ್ಲಿ ಅದ್ದಿ ಸುತ್ತಿದರೆ ನಿಮಿಷಗಳಲ್ಲಿ ಕಲ್ಲಿನಂತಾಗುತ್ತಿತ್ತು. ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ನಿಕೊಲಾಯ್ ಪಿರೊಗೊವ್ ಗಾಯಾಳು ಸೈನಿಕರಿಗೆ ಪ್ಲಾಸ್ಟರ್ ಪಟ್ಟಿ ಬಳಸಿದ. ಹೀಗೆ ವೈದ್ಯರಿಂದ ಗಾರೆಯವರಿಗೆ ಹೋಗಿದ್ದ ಹೆಸರು, ಗಾರೆಯವರ ಪುಡಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ವಾಪಸ್ ಬಂತು.

ಮಜಾ ಅಂದರೆ, ಲ್ಯಾಟಿನ್ ಹುಟ್ಟಿದ ನೆಲದಲ್ಲೇ ಈ ಮಾತಿಗೆ ಗೋಡೆಯ ಭಾಗ್ಯ ಸಿಗಲಿಲ್ಲ. ಇಟಲಿಯವರು ಗೋಡೆಯ ಗಾರೆಗೆ ಇಂಟೊನಾಕೊ ಅನ್ನುತ್ತಾರೆ, ಅದರ ಬೇರು ಮೈಗೆ ತೊಡುವ ಟ್ಯೂನಿಕ್. ಮುರಿದ ಕೈಗೆ ಹಾಕುವುದು ಅವರಿಗೆ ಜೆಸ್ಸೊ, ಅಂದರೆ ಹಳೆಯ ಜಿಪ್ಸಂ. ಎಂಪ್ಲಾಸ್ಟ್ರಂ ಅಲ್ಲಿ ಇಂಪಿಯಾಸ್ಟ್ರೊ ಆಗಿ ಉಳಿದಿದೆ. ಪಟ್ಟು ಅನ್ನುವ ಅರ್ಥ ಇನ್ನೂ ಇದೆ, ಆದರೆ ಯಾರನ್ನಾದರೂ ನೋಡಿ ಹಾಗಂದರೆ ‘ಎಂಥ ಪೀಡೆಯಪ್ಪಾ ನೀನು’ ಅಂದ ಹಾಗೆ. ರೋಮಿಗೆ ಹೋದಾಗ ಅಲ್ಲಿನ ಗಾರೆಯವರ ಮುಂದೆ ಲ್ಯಾಟಿನ್ ಪಾಂಡಿತ್ಯ ತೋರಿಸಲು ಹೋಗಬೇಡಿ.