ರೋಗನಿರೋಧಕ, ಸರಿ. ಯಾವ ರೋಗಕ್ಕೆ?

ಹೊಸ ಲೇಔಟಿಗೆ ಗಿಡ ಕೇಳಿಕೊಂಡು ಬರುವವರದು ಈಚೆಗೆ ಒಂದೇ ಮಾತು: "ರೋಗನಽ ಬರಬಾರದ್ರಿ, ಅಂಥಾ ಹೈಬ್ರಿಡ್ ಗಿಡ ಕೊಡ್ರಿ." ನವನಗರದ ಕಡೆಯ ಹಿರಿಯರೊಬ್ಬರು ಮೊಬೈಲಿನಲ್ಲಿ ವಿದೇಶದ ಎಲ್ಮ್ ಮರಗಳ ಸಾಲು ತೋರಿಸಿ, ರಸ್ತೆಯ ಎರಡೂ ಬದಿಗೆ ಅದನ್ನೇ ಹಚ್ಚಬೇಕೆಂದು ಹಟ ಹಿಡಿದರು. ಚಿತ್ರದ ಕೆಳಗೆ 'ರೋಗನಿರೋಧಕ' ಎಂದಿತ್ತು. ಯಾವ ರೋಗಕ್ಕೆ ಎಂದು ಕೇಳಿದೆ. "ಎಲ್ಲಾದಕ್ಕೂ ಇರಬೇಕಲ್ರೀ" ಅಂದರು.

ಇಲ್ಲ. ನಿರೋಧಕ ಶಕ್ತಿ ಯಾವಾಗಲೂ ಹೆಸರಿರುವ ಒಂದು ರೋಗಕ್ಕೆ. ಎಲ್ಮ್ ಮಿಶ್ರತಳಿಗಳಲ್ಲಿ ಅದು ಡಚ್ ಎಲ್ಮ್ ಕಾಯಿಲೆ. ತೊಗಟೆ ಕೊರೆಯುವ ದುಂಬಿ ಶಿಲೀಂಧ್ರವನ್ನು ಹೊತ್ತು ತರುತ್ತದೆ. ಅದನ್ನು ತಡೆಯಲು ಹೋಗಿ ಮರ ತನ್ನ ನೀರಿನ ನಾಳಗಳನ್ನೇ ಮುಚ್ಚಿಕೊಂಡು, ನೆಲದಲ್ಲಿ ಹಸಿ ಇದ್ದರೂ ಬಾಡುತ್ತದೆ. ಅಂಥ ಟೊಂಗೆಯನ್ನು ಅಡ್ಡ ಕೊಯ್ದರೆ ತೊಗಟೆಯ ಕೆಳಗಿನ ಕಟ್ಟಿಗೆಯಲ್ಲಿ ಕಂದು ಚುಕ್ಕೆಗಳ ಉಂಗುರ ಕಾಣುತ್ತದೆ. ನಿರೋಧಕ ತಳಿಗೂ ಸೋಂಕು ತಗಲಬಹುದು. ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಅಷ್ಟೇ.

ನೆದರ್ಲೆಂಡ್ಸಿನಲ್ಲಿ 1936ರಲ್ಲಿ 'ಕ್ರಿಸ್ಟೀನ್ ಬ್ಯೂಸ್ಮನ್' ತಳಿ ಬಿಡುಗಡೆಯಾಯಿತು. ಈ ಕಾಯಿಲೆ ತಡೆಯಿತು, ಬೇರೊಂದು ಶಿಲೀಂಧ್ರಕ್ಕೆ ಸೋತಿತು. 1960ರ 'ಕಮೆಲಿನ್' ತಳಿ ಹಳೆಯ ಶಿಲೀಂಧ್ರವನ್ನು ತಾಳಿತು. ಅದೇ ಕಾಯಿಲೆಯ ಹೆಚ್ಚು ಉಗ್ರ ಶಿಲೀಂಧ್ರ ಬಂದಾಗ ನಿಲ್ಲಲಿಲ್ಲ. ಮುಂದಿನ ತಳಿಗಳಿಗೆ ಅವರು ನಮ್ಮ ಹಿಮಾಲಯದ ಎಲ್ಮ್ ಬೆರೆಸಿದರು. ಇಂಥ ತಳಿಯ ಗಿಡಗಳನ್ನು ಕಸಿಯಿಂದಲೋ ಕಡ್ಡಿಯಿಂದಲೋ ಬೆಳೆಸುತ್ತಾರೆ, ಅಂದರೆ ಸಾಲಿನುದ್ದಕ್ಕೂ ಒಂದೇ ಗಿಡದ ಪ್ರತಿಗಳು. ಒಂದು ತಾಳದ ರೋಗವನ್ನು ಉಳಿದ ಯಾವುದೂ ತಾಳುವುದಿಲ್ಲ. ಇದನ್ನು ಎಷ್ಟು ಸಲ ಹೇಳಬೇಕಾದರೂ ನನಗೆ ಬೇಸರವಿಲ್ಲ.

ಎಲ್ಮ್‌ಗಳಲ್ಲಿ ಹೆಚ್ಚಿನವು ಚಳಿನಾಡಿನವು. ನಮ್ಮ ಬಿಸಿಲಿಗೆ ಅವನ್ನು ನಾನು ಶಿಫಾರಸು ಮಾಡುವುದಿಲ್ಲ. ನಾನು ನೋಡಿದಂತೆ ಹುಬ್ಬಳ್ಳಿ–ಧಾರವಾಡದ ಬೀದಿಮರಗಳನ್ನು ಹೆಚ್ಚಾಗಿ ಕೊಲ್ಲುವುದು ರೋಗವೂ ಅಲ್ಲ. ಬೊಡ್ಡೆಗೆ ತಾಗುವಂತೆ ಹಾಸಿದ ಸಿಮೆಂಟು, ಪೈಪು ಹೂಳಲು ಕತ್ತರಿಸಿದ ಬೇರು, ಎರೆಮಣ್ಣಿನ ಗುಂಡಿಯಲ್ಲಿ ಮಳೆಗಾಲವಿಡೀ ನಿಂತ ನೀರು. ಇವಕ್ಕೆ ನಿರೋಧಕ ತಳಿ ಯಾವ ನರ್ಸರಿಯಲ್ಲೂ ಸಿಗದು.

ಎಲ್ಮ್ ಕುಟುಂಬದ್ದೇ ಬೇಕೆಂದರೆ ನಮ್ಮ ತಪಸಿ ಇದೆ. ತಿಕ್ಕಿದರೆ ಘಾಟು ವಾಸನೆಯ ಎಲೆ, ಗಾಳಿಗೆ ತೇಲುವ ದುಂಡು ರೆಕ್ಕೆಯ ಕಾಯಿ. ದೊಡ್ಡ ಮರವಾಗುತ್ತದೆ, ಜಾಗ ಬೇಕು. ಪರಾಗ ಕೆಲವರಿಗೆ ಒಗ್ಗದು. ಉಬ್ಬಸ ಇರುವವರ ಕಿಟಕಿ ಹತ್ತಿರ ನಾನು ಹಚ್ಚಿಸುವುದಿಲ್ಲ.

ಆ ಹಿರಿಯರು ಕೊನೆಗೆ ಒಪ್ಪಿದರು. ತಪಸಿ, ಹೊಂಗೆ, ಹೊಳೆಮತ್ತಿ, ಬೇವು ಬೆರೆಸಿ, ಒಂದೇ ಜಾತಿ ಒತ್ತಟ್ಟಿಗೆ ಬಾರದಂತೆ ಗುಂಡಿ ಗುರುತು ಹಾಕಿದೆವು. ಬೇವಿಗೂ ತುದಿ ಒಣಗುವ ರೋಗ ಬರುತ್ತದೆಂದು ಮೊದಲೇ ಹೇಳಿದೆ. "ಬರ್ಲಿ ಬಿಡ್ರಿ, ಬಾಕಿ ಗಿಡಾ ಅದಾವಲ್ಲ" ಅಂದರು.