‘ಗೆಟ್’ ಅಂದರೆ ‘ಪಡೆ’ ಮಾತ್ರಾನಾ?

ಪ್ರಶ್ನೆ: ಗೆಟ್ ಅಂದರೆ ‘ಪಡೆ’ ಎಂದು ಕಲಿತಿದ್ದೇನೆ. ಹಾಗಾದರೆ ‘ಐ ಗಾಟ್ ಟೈರ್ಡ್’ ಅನ್ನುವವರು ಏನನ್ನು ಪಡೆದರು? ‘ಐ ಡೋಂಟ್ ಗೆಟ್ ಇಟ್’, ‘ಗೆಟ್ ಅಪ್’, ‘ಗೆಟ್ ಹಿಮ್ ಟು ಸೈನ್’ ಹೀಗೆ ಎಲ್ಲಿ ನೋಡಿದರೂ ಇದೇ ಪದ. ಡಿಕ್ಷನರಿ ತೆಗೆದರೆ ಅರ್ಥಗಳ ಪಟ್ಟಿ ಮುಗಿಯುವುದೇ ಇಲ್ಲ. ಇಷ್ಟನ್ನೂ ಬಾಯಿಪಾಠ ಮಾಡಬೇಕಾ?

ಉತ್ತರ: ಬೇಡ. ಬಾಯಿಪಾಠ ಮಾಡಿದರೂ ಮಾತಾಡುವ ಹೊತ್ತಿಗೆ ಅದು ನೆನಪಿಗೆ ಬರುವುದಿಲ್ಲ. ಈ ಪದದ ಅರ್ಥ ಅದರೊಳಗೆ ಇರುವುದು ಕಡಿಮೆ, ಅದರ ಬೆನ್ನಿಗೆ ಬರುವ ಪದದಲ್ಲಿ ಇರುವುದೇ ಜಾಸ್ತಿ. ಗೆಟ್ ಕಂಡ ಕೂಡಲೇ ಅದನ್ನೇ ನೋಡುತ್ತಾ ನಿಲ್ಲಬೇಡಿ. ಮುಂದೆ ಏನಿದೆ ನೋಡಿ. ವಸ್ತುವಿನ ಹೆಸರಾ? ಸ್ಥಿತಿ ಹೇಳುವ ಪದವಾ? ಜಾಗವಾ? ಮನುಷ್ಯನಾ? ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದೇ ಪದ ಹತ್ತಾರು ಕೆಲಸ ಮಾಡುವುದು ನಮಗೇನು ಹೊಸದಲ್ಲ. ನಮ್ಮ ‘ಹೊಡೆ’ಯನ್ನೇ ತೆಗೆದುಕೊಳ್ಳಿ. ಗಂಟೆ ಹೊಡೆಯುತ್ತದೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ. ಅದೃಷ್ಟವಿದ್ದವರಿಗೆ ಲಾಟರಿ ಹೊಡೆಯುತ್ತದೆ. ಇದರಲ್ಲಿ ಯಾರಿಗೂ ಏಟು ಬೀಳುವುದಿಲ್ಲ. ಇದನ್ನೆಲ್ಲ ಯಾರೂ ಪಟ್ಟಿ ಮಾಡಿ ಕಲಿತಿಲ್ಲ, ಜೊತೆಗಿರುವ ಪದ ನೋಡಿ ಅರ್ಥ ಮಾಡಿಕೊಂಡೆವು.

ಇಂಗ್ಲಿಷಿನಲ್ಲಿ ಹೀಗೆ ಮೈಮುರಿದು ದುಡಿಯುವ ಪುಟ್ಟ ಪದಗಳ ಗುಂಪೇ ಇದೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ 430ಕ್ಕೂ ಹೆಚ್ಚು ಅರ್ಥಗಳಿದ್ದವು. ಆಮೇಲೆ ಒಂದೊಂದೇ ಪದವನ್ನು ಹೊಸದಾಗಿ ತಿದ್ದುತ್ತಾ ಬಂದಾಗ ‘ಮೇಕ್’ ಅದನ್ನು ಹಿಂದೆ ಹಾಕಿತು, ನಂತರ ‘ಪುಟ್’. 2011ರಲ್ಲಿ ‘ರನ್’ 645 ಅರ್ಥಗಳೊಂದಿಗೆ ಎಲ್ಲರನ್ನೂ ದಾಟಿತು. ಗೆಟ್‌ಗೆ ಆ ದಾಖಲೆ ಇಲ್ಲ. ಆದರೆ ದಿನದ ಮಾತಿನಲ್ಲಿ ಹೆಚ್ಚು ಕಾಡುವುದು ಇದೇ ಅಂತ ನನಗನ್ನಿಸುತ್ತದೆ. ಯಾಕೆಂದರೆ ‘ರನ್’ನಲ್ಲಿ ಓಟದ ಚಿತ್ರವಾದರೂ ಕಣ್ಣಿಗೆ ಬರುತ್ತದೆ. ಗೆಟ್ ಅಂದರೆ ಏನೂ ಕಾಣಿಸುವುದಿಲ್ಲ.

ಈ ಪದ ಇಂಗ್ಲಿಷಿಗೆ ಬಂದದ್ದು ಉತ್ತರ ಯುರೋಪಿನ ಹಳೆಯ ಕಡಲಯಾನಿಗಳಾದ ವೈಕಿಂಗರ ಭಾಷೆಯಿಂದ. ಅವರ ಹಳೆಯ ನಾರ್ಸ್‌ನಲ್ಲಿ ‘ಗೆಟಾ’ ಎಂಬ ಕ್ರಿಯಾಪದ ಇತ್ತು. ‘ದೇ’, ‘ಟೇಕ್’, ‘ಎಗ್’, ‘ಸ್ಕೈ’, ‘ವಿಂಡೋ’ ಇವೂ ಅದೇ ದಾರಿಯಲ್ಲಿ ಬಂದವು. ಹಳೆಯ ಇಂಗ್ಲಿಷಿನಲ್ಲಿ ಇದರ ನೆಂಟ ಪದ ಮೊದಲೇ ಇತ್ತು, ಆದರೆ ಬೇರೆ ಪದದ ತುಂಡಿಗೆ ಅಂಟಿಕೊಂಡೇ ಬರುತ್ತಿತ್ತು. ‘ಫರ್ಗೆಟ್’ನ ಬಾಲದಲ್ಲಿ ಕೂತಿರುವುದು ಅದೇ. ಹಿಡಿದದ್ದು ಕೈತಪ್ಪಿ ಹೋಗುವುದೇ ಮರೆವು, ಅಲ್ವಾ?

ಅಂದರೆ ಮೊದಲ ಅರ್ಥ ‘ಹಿಡಿತಕ್ಕೆ ಬರುವುದು’. ಮೊದಲು ಇರಲಿಲ್ಲ, ಈಗ ಇದೆ. ಈ ಬದಲಾವಣೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಉಳಿದ ಅರ್ಥಗಳಲ್ಲಿ ಹೆಚ್ಚಿನವು ಇದರ ಕೊಂಬೆಗಳೇ.

ಗೆಟ್ ಮುಂದೆ ವಸ್ತುವಿನ ಹೆಸರು ಬಂದರೆ ಅದು ಕೈಗೆ ಬಂತು ಎಂದರ್ಥ. ಹೇಗೆ ಬಂತು ಅನ್ನುವುದನ್ನು ಗೆಟ್ ಹೇಳುವುದಿಲ್ಲ. ‘ಐ ಗಾಟ್ ಎ ಬುಕ್’ ಎಂದರೆ ಕೊಂಡಿರಬಹುದು, ಯಾರೋ ಕೊಟ್ಟಿರಬಹುದು, ಹೋಗಿ ತಂದಿರಬಹುದು. ‘ಗೆಟ್ ಮಿ ಎ ಚೇರ್’ ಅಂದರೆ ‘ನನಗೊಂದು ಕುರ್ಚಿ ತಂದುಕೊಡು’. ಜೋಕು, ಮಾತು, ಲೆಕ್ಕ ತಲೆಗೆ ಬಂದರೂ ಗೆಟ್. ‘ಐ ಡೋಂಟ್ ಗೆಟ್ ಇಟ್’ ಅಂದರೆ ‘ನನಗೆ ಅರ್ಥವಾಗುತ್ತಿಲ್ಲ’. ‘ಹಿಡಿತಕ್ಕೆ ಸಿಗಲಿಲ್ಲ’ ಅನ್ನುವುದು ಇಲ್ಲೂ ಇದೆ.

ಇಲ್ಲಿ ಕನ್ನಡದವರು ಒಂದು ಕಡೆ ಜಾರುತ್ತಾರೆ. ನಮ್ಮ ‘ಸಿಕ್ಕಿತು’ ಎಲ್ಲ ಕಡೆಯೂ ‘ಗಾಟ್’ ಆಗುವುದಿಲ್ಲ. ಕಳೆದುಹೋದ ಕೀ ಸಿಕ್ಕಿದರೆ ‘ಐ ಫೌಂಡ್ ಮೈ ಕೀ’ ಅನ್ನಬೇಕು. ‘ಐ ಗಾಟ್ ಮೈ ಕೀ’ ಅಂದರೆ ಕೀ ಕೈಗೆ ಬಂತು ಎಂದಷ್ಟೇ ಕೇಳಿಸುತ್ತದೆ, ಹುಡುಕಿ ಸಿಕ್ಕಿದ ಸಮಾಧಾನ ಅದರಲ್ಲಿಲ್ಲ. ‘ಆ ಅಡ್ರೆಸ್ ಸಿಗಲಿಲ್ಲ’ ಅಂತ ಹೇಳಲು ‘ಐ ಡಿಡಿಂಟ್ ಗೆಟ್ ದ ಅಡ್ರೆಸ್’ ಎಂದರೆ ‘ಅಡ್ರೆಸ್ ನನಗೆ ಯಾರೂ ಕಳಿಸಲಿಲ್ಲ’ ಅಥವಾ ‘ನೀವು ಹೇಳಿದ್ದು ಕೇಳಿಸಲಿಲ್ಲ’ ಎಂದುಕೊಳ್ಳುತ್ತಾರೆ. ಹುಡುಕಾಟ ಇದ್ದಲ್ಲಿ ‘ಫೈಂಡ್’ ಬಳಸಿ.

ಈಗ ನಿಮ್ಮ ‘ಟೈರ್ಡ್’ ಪ್ರಶ್ನೆಗೆ ಬರೋಣ. ಗೆಟ್ ಮುಂದೆ ಸ್ಥಿತಿ ಹೇಳುವ ಪದ ಬಂದರೆ ಅದರ ಅರ್ಥ ‘ಆಗು’. ನೀವು ಪಡೆದದ್ದು ವಸ್ತುವನ್ನಲ್ಲ, ಒಂದು ಹೊಸ ಸ್ಥಿತಿಯನ್ನು. ‘ಐ ವಾಸ್ ಟೈರ್ಡ್’ ಅಂದರೆ ಆಗಲೇ ಸುಸ್ತಾಗಿತ್ತು. ‘ಐ ಗಾಟ್ ಟೈರ್ಡ್’ ಅಂದರೆ ಮೊದಲು ಚೆನ್ನಾಗಿಯೇ ಇದ್ದೆ, ಆಮೇಲೆ ಸುಸ್ತಾಯ್ತು. ‘ದೇ ಆರ್ ಮ್ಯಾರೀಡ್’ ಅಂದರೆ ಅವರಿಗೆ ಮದುವೆ ಆಗಿದೆ. ‘ದೇ ಗಾಟ್ ಮ್ಯಾರೀಡ್’ ಅಂದರೆ ಮದುವೆ ಆಯ್ತು, ಅದೊಂದು ಘಟನೆ. ಮೊದಲನೆಯದು ಫೋಟೋ, ಎರಡನೆಯದು ವಿಡಿಯೋ. ಮೆಲ್ಲಗೆ ಆಗುತ್ತಿದ್ದರೆ ‘ಗೆಟ್ಟಿಂಗ್’: ‘ಇಟ್ಸ್ ಗೆಟ್ಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಬೇರೆ. ನಾವು ‘ನನಗೆ ಸಿಟ್ಟು ಬಂತು’ ಅನ್ನುತ್ತೇವೆ. ಸಿಟ್ಟು ಎಲ್ಲಿಂದಲೋ ನಡೆದುಕೊಂಡು ಬಂದು ನಮ್ಮೊಳಗೆ ಕೂತಿತು, ನಾವೇನೂ ಮಾಡಲಿಲ್ಲ. ಇಂಗ್ಲಿಷಿನಲ್ಲಿ ‘ಐ ಗಾಟ್ ಆ್ಯಂಗ್ರಿ’. ಅಲ್ಲಿ ‘ನಾನು’ ಮುಂದೆ ಬಂದು ನಿಲ್ಲುತ್ತೇನೆ, ಸಿಟ್ಟು ನನ್ನ ಬಣ್ಣವಾಗುತ್ತದೆ. ನಿದ್ದೆ ಬಂತು ಅಂದರೆ ‘ಐ ಗಾಟ್ ಸ್ಲೀಪಿ’, ಹಸಿವಾಯ್ತು ಅಂದರೆ ‘ಐ ಗಾಟ್ ಹಂಗ್ರಿ’, ಬೋರಾಯ್ತು ಅಂದರೆ ‘ಐ ಗಾಟ್ ಬೋರ್ಡ್’. ಕನ್ನಡದಲ್ಲಿ ‘ನನಗೆ’ ಎಂದು ಶುರುವಾಗಿ ‘ಬಂತು’ ಅಥವಾ ‘ಆಯ್ತು’ ಎಂದು ಮುಗಿಯುವ ವಾಕ್ಯ ನಾಲಿಗೆಗೆ ಬಂದರೆ, ಇಂಗ್ಲಿಷಿನಲ್ಲಿ ಗೆಟ್ ಕೆಲಸಕ್ಕೆ ಬರುವ ಸಾಧ್ಯತೆ ಹೆಚ್ಚು. ಈ ಒಂದು ಸುಳಿವು ಇಡೀ ಪಟ್ಟಿಗಿಂತ ಉಪಯೋಗ.

ಆದರೆ ‘ಆಗು’ವಿಗೆ ಒಂದು ಬೇಲಿ ಇದೆ. ‘ಅವನು ಡಾಕ್ಟರ್ ಆದ’ ಎನ್ನಲು ‘ಹಿ ಗಾಟ್ ಎ ಡಾಕ್ಟರ್’ ಅನ್ನುವಂತಿಲ್ಲ. ಅದರ ಅರ್ಥ ‘ಅವನು ಡಾಕ್ಟರನ್ನು ಕರೆತಂದ’. ಮುಂದೆ ಬಂದದ್ದು ಹೆಸರು, ಆದ್ದರಿಂದ ಗೆಟ್ ಮತ್ತೆ ‘ಕೈಗೆ ಬಂತು’ ಆಗಿಬಿಟ್ಟಿತು. ಇಲ್ಲಿ ‘ಬಿಕಮ್’ ಬೇಕು. ಜರ್ಮನ್ನರು ಇದೇ ಹಳ್ಳಕ್ಕೆ ಆಚೆ ದಡದಿಂದ ಬೀಳುತ್ತಾರೆ. ಅವರ ಭಾಷೆಯಲ್ಲಿ ‘ಬೆಕೊಮೆನ್’ ಅಂದರೆ ಪಡೆಯುವುದು. ಇಂಗ್ಲಿಷ್ ಕಲಿಯುವ ಜರ್ಮನ್ ಮನುಷ್ಯ ಊಟಕ್ಕೆ ಕೂತು ‘ಐ ಬಿಕಮ್ ಎ ಸ್ಟೇಕ್’ ಅಂದ ಅನ್ನುವುದು ಹಳೇ ಜೋಕು.

ಇನ್ನೊಂದು ಕೊಂಬೆ: ‘ಹಿ ಗಾಟ್ ಫೈರ್ಡ್’, ‘ಶಿ ಗಾಟ್ ಪ್ರಮೋಟೆಡ್’, ‘ದೇ ಗಾಟ್ ಕಾಟ್’. ಬೇರೆಯವರು ಮಾಡಿದ್ದು ಇವರ ಮೇಲೆ ಬಂದು ಬಿತ್ತು. ‘ವಾಸ್ ಫೈರ್ಡ್’ ಅಂದರೂ ಸುದ್ದಿ ಅದೇ. ಆದರೆ ಗೆಟ್ ಹಾಕಿದಾಗ ಆ ಮನುಷ್ಯನಿಗೆ ಏನಾಯ್ತು ಅನ್ನುವ ಕಡೆ ಕಿವಿ ಹೋಗುತ್ತದೆ, ಮಾತೂ ಸ್ವಲ್ಪ ಸಲಿಗೆಯದಾಗುತ್ತದೆ. ‘ಕೆಲಸದಿಂದ ತೆಗೆಯಲಾಯಿತು’ ಅನ್ನುವುದಕ್ಕೂ ‘ಕೆಲಸ ಹೋಯ್ತು’ ಅನ್ನುವುದಕ್ಕೂ ಇರುವಷ್ಟು ಅಂತರ.

ಮನುಷ್ಯ ಮತ್ತು ಕೆಲಸ ಎರಡೂ ಗೆಟ್ ಜೊತೆ ಸೇರಿದರೆ ಅದು ನಮ್ಮ ‘ಇಸು’. ಕನ್ನಡದಲ್ಲಿ ಇದು ಎಷ್ಟು ಸುಲಭ ನೋಡಿ: ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಬರೆ, ಬರೆಸು. ಇಂಗ್ಲಿಷಿನಲ್ಲಿ ಹೀಗೆ ಬಾಲ ಅಂಟಿಸುವ ಸೌಲಭ್ಯ ಇಲ್ಲ, ಗೆಟ್‌ನಂಥ ಇನ್ನೊಂದು ಪದ ಕರೆಯಬೇಕು. ‘ಐ ರಿಪೇರ್ಡ್ ದ ಫೋನ್’ ಅಂದರೆ ನೀವೇ ಸ್ಕ್ರೂಡ್ರೈವರ್ ಹಿಡಿದು ಕೂತಿರಿ. ಬೇರೆಯವರಿಂದ ಮಾಡಿಸಿದ್ದರೆ ‘ಐ ಗಾಟ್ ದ ಫೋನ್ ರಿಪೇರ್ಡ್’. ‘ರಿಪೇರಿ ಮಾಡಿಸಿದೆ’ ಅಂತ ಮನಸ್ಸಿನಲ್ಲಿದ್ದು ‘ಮಾಡಿದೆ’ ಅಂತ ಇಂಗ್ಲಿಷಿನಲ್ಲಿ ಹೇಳುವವರು ತುಂಬಾ ಜನ.

ಯಾರಿಂದ ಮಾಡಿಸಿದಿರಿ ಎಂದೂ ಹೇಳಬೇಕಾದರೆ ‘ಟು’ ಮರೆಯಬೇಡಿ. ‘ಐ ಗಾಟ್ ಹರ್ ಟು ಸೈನ್’ ಸರಿ, ‘ಐ ಗಾಟ್ ಹರ್ ಸೈನ್’ ತಪ್ಪು. ವಿಚಿತ್ರವೆಂದರೆ ‘ಮೇಕ್’ ಮತ್ತು ‘ಹ್ಯಾವ್’ಗೆ ಆ ‘ಟು’ ಬೇಡ: ‘ಐ ಮೇಡ್ ಹರ್ ಸೈನ್’, ‘ಐ ಹ್ಯಾಡ್ ಹರ್ ಸೈನ್’. ಮೂರಕ್ಕೂ ಕನ್ನಡದಲ್ಲಿ ‘ಸಹಿ ಹಾಕಿಸಿದೆ’ ಅಂದುಬಿಡಬಹುದು, ಆದರೆ ಒಳದನಿ ಬೇರೆ. ‘ಮೇಡ್’ನಲ್ಲಿ ಒತ್ತಾಯ ಇದೆ. ‘ಹ್ಯಾಡ್’ನಲ್ಲಿ ಹೇಳಿದೆ, ಮಾಡಿದರು, ಅಷ್ಟೇ. ‘ಗಾಟ್’ನಲ್ಲಿ ಮಾತಾಡಿ ಒಪ್ಪಿಸಿದ ಶ್ರಮ ಇದೆ.

ಒಂದು ಎಚ್ಚರಿಕೆ. ‘ಹಿ ಗಾಟ್ ಹಿಸ್ ಫಿಂಗರ್ ಕಾಟ್ ಇನ್ ದ ಡೋರ್’ ಎಂಬ ವಾಕ್ಯದ ಕಟ್ಟಣೆ ಫೋನ್ ವಾಕ್ಯದ ಹಾಗೇ ಇದೆ. ಹಾಗಂತ ಅವನು ಬೆರಳನ್ನು ಬಾಗಿಲಿಗೆ ಸಿಕ್ಕಿಸಿಕೊಳ್ಳಲು ಯಾರಿಗೋ ಹೇಳಿ ಮಾಡಿಸಿದ ಅಂತಲ್ಲ! ಬೆರಳು ಸಿಕ್ಕಿಕೊಂಡಿತು, ಪಾಪ. ಮಾಡಿಸಿದ್ದಾ, ಆಗಿಹೋದದ್ದಾ ಅನ್ನುವುದನ್ನು ಇಲ್ಲಿ ವ್ಯಾಕರಣ ಹೇಳುವುದಿಲ್ಲ. ನಮ್ಮ ತಲೆಯೇ ಹೇಳಬೇಕು.

‘ಗಾಟ್ ಟು’ ಇನ್ನೂ ತರಲೆ. ‘ಐ ಗಾಟ್ ಟು ಮೀಟ್ ಹರ್’ ಅಂದರೆ ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು, ಖುಷಿಯ ಮಾತು. ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಅಂದರೆ ಭೇಟಿ ಆಗಲೇಬೇಕು, ಬೇರೆ ದಾರಿ ಇಲ್ಲ. ಮಾತಿನಲ್ಲಿ ಈ ‘ಹ್ಯಾವ್’ ಕರಗಿಹೋಗಿ ‘ಐ ಗಾಟಾ ಗೋ’ ಎಂದು ಉಳಿಯುತ್ತದೆ. ಹೋಗಲೇಬೇಕು ಅನ್ನುವ ‘ಗಾಟಾ’ ಮತ್ತು ಹೋಗಲು ಅವಕಾಶ ಸಿಕ್ಕ ‘ಗಾಟ್ ಟು’ ಕಿವಿಗೆ ಹತ್ತಿರ ಹತ್ತಿರ ಕೇಳಿಸುತ್ತವೆ. ನಿನ್ನೆಯ ಕಥೆ ಹೇಳುತ್ತಿದ್ದಾರಾ, ಮುಂದಿನ ಕೆಲಸದ ಮಾತಾ ಎಂದು ನೋಡಿದರೆ ಗೊಂದಲ ಬಿಡಿಸಬಹುದು.

ಇದಕ್ಕೇ ಅಂಟಿದ ಇನ್ನೊಂದು: ‘ಅವನು ಕೆಲಸ ಬಿಟ್ಟನೆಂದು ಗೊತ್ತಾಯ್ತು’ ಎನ್ನಲು ನಾವು ‘ಐ ಗಾಟ್ ಟು ನೋ’ ಅನ್ನುತ್ತೇವೆ. ಬ್ರಿಟಿಷರು, ಅಮೆರಿಕನ್ನರು ಸುದ್ದಿ ತಿಳಿದದ್ದಕ್ಕೆ ‘ಐ ಫೌಂಡ್ ಔಟ್’ ಅಥವಾ ‘ಐ ಹರ್ಡ್’ ಅನ್ನುವುದೇ ಹೆಚ್ಚು. ಅವರಿಗೆ ‘ಗೆಟ್ ಟು ನೋ’ ಅಂದರೆ ಒಬ್ಬರ ಪರಿಚಯ ಮೆಲ್ಲಗೆ ಬೆಳೆಯುವುದು.

ಜಾಗದ ಮಾತು ಬೇಗ ಮುಗಿಸುತ್ತೇನೆ. ‘ಗೆಟ್ ಹೋಮ್’, ‘ಗೆಟ್ ದೇರ್’ ಅಂದರೆ ತಲುಪು. ‘ಅಪ್’, ‘ಔಟ್’, ‘ಬ್ಯಾಕ್’, ‘ಓವರ್’ ಬಂದರೆ ಆ ದಿಕ್ಕಿಗೆ ಸರಿ: ಏಳು, ಹೊರಗೆ ಹೋಗು, ವಾಪಸ್ ಬಾ, ದಾಟು. ಜ್ವರವನ್ನೋ ದುಃಖವನ್ನೋ ದಾಟುವುದೂ ‘ಗೆಟ್ ಓವರ್’. ಆದರೆ ‘ಗೆಟ್ ಬೈ’ ಅಂದರೆ ಇದ್ದದ್ದರಲ್ಲಿ ಹೇಗೋ ಸಾಗಿಸು, ‘ಗೆಟ್ ಅವೇ ವಿತ್’ ಅಂದರೆ ತಪ್ಪು ಮಾಡಿಯೂ ಶಿಕ್ಷೆಯಿಂದ ಪಾರಾಗು. ಇವನ್ನು ಮಾತ್ರ ಒಂದೊಂದಾಗಿ ಕಲಿಯುವುದೇ ದಾರಿ. ಕಾರು ಹತ್ತಿದರೆ ‘ಗೆಟ್ ಇನ್’, ಬಸ್ಸು, ರೈಲು, ವಿಮಾನ ಹತ್ತಿದರೆ ‘ಗೆಟ್ ಆನ್’. ಒಳಗೆ ಎದ್ದು ಓಡಾಡಲು ಜಾಗ ಇರುವ ವಾಹನಕ್ಕೆ ‘ಆನ್’ ಎಂದು ನೆನಪಿಡಬಹುದು. ಸೈಕಲ್ಲಿಗೂ ‘ಆನ್’ ಬರುತ್ತದೆ, ಆದರೆ ಅದು ಬೆನ್ನ ಮೇಲೆ ಕೂರುವ ಲೆಕ್ಕ.

‘ಗಾಟನ್’ ತಪ್ಪಾ ಎಂದೂ ಕೆಲವರು ಕೇಳುತ್ತಾರೆ. ತಪ್ಪಲ್ಲ. ‘ಹ್ಯಾವ್’ ಜೊತೆ ಬರುವ ‘ಗಾಟ್’ನ ಹಳೆಯ ರೂಪ ಅದು. ಅಮೆರಿಕದಲ್ಲಿ ಉಳಿದುಕೊಂಡಿತು, ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಸವೆದುಹೋಯಿತು, ‘ಫರ್ಗಾಟನ್’ನಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ. ಅಮೆರಿಕನ್ನರಿಗೆ ಇದರಿಂದ ಒಂದು ಲಾಭವೂ ಇದೆ. ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರು ಇದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಈಗ ಸಿಕ್ಕಿದೆ.

ಕೊನೆಗೆ ಬರವಣಿಗೆ. ಗೆಟ್ ಒರಟು ಪದ, ಬರೆಯಲೇಬಾರದು ಎಂದು ಹೇಳುವ ಮೇಷ್ಟ್ರುಗಳಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಅರ್ಜಿ, ವರದಿ, ಆಫೀಸಿನ ಪತ್ರದಲ್ಲಿ ‘ಗಾಟ್ ಯುವರ್ ಲೆಟರ್’ ಬದಲು ‘ರಿಸೀವ್ಡ್’ ಚೆನ್ನಾಗಿ ಕಾಣುತ್ತದೆ, ‘ಗೆಟ್ ರಿಡ್ ಆಫ್’ ಬದಲು ‘ರಿಮೂವ್’ ಹಾಕಬಹುದು. ಆದರೆ ‘ಗೆಟ್ ರೆಡಿ’ಯನ್ನು ‘ಬಿಕಮ್ ರೆಡಿ’ ಮಾಡಿದರೆ, ‘ಗೆಟ್ ಡ್ರೆಸ್ಡ್’ ಅನ್ನು ‘ಬಿಕಮ್ ಡ್ರೆಸ್ಡ್’ ಮಾಡಿದರೆ ಓದುವವರು ನಗುತ್ತಾರೆ. ಅಂಥ ಕಡೆ ಅದನ್ನು ಸುಮ್ನೆ ಬಿಟ್ಟುಬಿಡಿ.