ಆಸಿಡ್ ಹಾಕಿ ಉಜ್ಜಿದರೂ ಅಂಗಳದ ಪಾಚಿ ಮತ್ತೆ ಯಾಕೆ ಬರುತ್ತೆ?

ಪ್ರಶ್ನೆ: ಹಿತ್ತಲಿನ ಸಿಮೆಂಟು ಅಂಗಳ ಪಾಚಿ ಕಟ್ಟಿ ಕಾಲಿಡಲಾಗದಷ್ಟು ಜಾರುತ್ತಿತ್ತು. ಆಸಿಡ್ ಹಾಕಿ ಉಜ್ಜಿದೆವು, ನೊರೆ ಬಂದು ಬೆಳ್ಳಗಾಯಿತು. ಮುಂದಿನ ಮಳೆಗೆ ಮೊದಲಿಗಿಂತ ಜಾಸ್ತಿ ಪಾಚಿ. ಇನ್ನೂ ಸ್ಟ್ರಾಂಗ್ ಆಸಿಡ್ ಬೇಕಾ?

ಉತ್ತರ: ಬೇಡ. ಪಾಚಿ ಜಾಸ್ತಿಯಾಗಲು ಆ ಆಸಿಡ್ಡೇ ದಾರಿ ಮಾಡಿಕೊಟ್ಟಿದ್ದು. ಎಷ್ಟು ಸಲ ಹೇಳಿದರೂ ಮಳೆ ನಿಂತ ಕೂಡಲೇ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ನೋಡೋಣ.

ಎಲ್ಲರನ್ನೂ ಏಮಾರಿಸುವುದು ಆ ನೊರೆ. ಬುಸ್ಸೆಂದು ಉಕ್ಕಿದ ತಕ್ಷಣ ಕೊಳೆ ಬಿಡುತ್ತಿದೆ ಅಂದುಕೊಳ್ಳುತ್ತೀರಿ. ಪಾಚಿಯ ಮೇಲೆ ಆಸಿಡ್ ಬಿದ್ದರೆ ನೊರೆ ಬರುವುದಿಲ್ಲ, ಬರುವುದು ಸಿಮೆಂಟಿನಿಂದ. ಹಳೆಯ ಸಿಮೆಂಟಿನ ಮೇಲ್ಪದರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಅದನ್ನು ಕರಗಿಸಿದಾಗ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಏಳುತ್ತದೆ, ಅಷ್ಟೆ. ನಂಬಿಕೆ ಬಾರದಿದ್ದರೆ ಪಾಚಿಯ ಸುಳಿವೇ ಇಲ್ಲದ ಹಳೆಯ ಸಿಮೆಂಟು ತುಂಡಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ, ಅಲ್ಲೂ ಸಣ್ಣ ಗುಳ್ಳೆ ಏಳುತ್ತದೆ. ಅಲ್ಲಿ ಯಾವ ಕೊಳೆ ಇತ್ತು?

'ಆದರೆ ಬೆಳ್ಳಗಾಯಿತಲ್ಲ' ಎನ್ನುತ್ತೀರಿ. ಆಗದೆ ಏನು? ಪಾಚಿ ಕೂತಿದ್ದ ಪದರವೇ ಕರಗಿ ಹೋಯಿತು. ಗಾರೆಯವರು ಕರಣಿಯಿಂದ ತಿಕ್ಕಿ ನುಣುಪು ಮಾಡಿದ್ದ ಆ ತೆಳುವಾದ ಮೇಲ್ಮೈಯೇ ನೆಲಕ್ಕೆ ರಕ್ಷಣೆ. ಅದು ಹೋದರೆ ಕೆಳಗಿನ ಮರಳು ಮೇಲೆ ಬರುತ್ತದೆ. ನೆಲ ಪೂರ್ತಿ ಒಣಗಿದಾಗ ಅಂಗೈ ಒತ್ತಿ ಉಜ್ಜಿ ನೋಡಿ. ಮರಳಿನ ಕಾಳು ಕೈಗೆ ಬಂದರೆ ಆಸಿಡ್ ತಿಂದಿದೆ ಎಂದೇ ಲೆಕ್ಕ. ಒರಟಾದ ಆ ನೆಲದ ಸಾವಿರಾರು ಸಣ್ಣ ರಂಧ್ರಗಳಲ್ಲಿ ನೀರು ನಿಲ್ಲುತ್ತದೆ, ಧೂಳು ಕೂರುತ್ತದೆ, ಪೊರಕೆಯ ಕಡ್ಡಿ ಒಳಗೆ ತಲುಪುವುದಿಲ್ಲ. ಪಾಚಿಗೆ ಇನ್ನೇನು ಬೇಕು? ಆಸಿಡ್ ಇನ್ನೂ ಸ್ಟ್ರಾಂಗ್ ಆದರೆ ರಂಧ್ರ ಇನ್ನೂ ಆಳವಾಗುತ್ತದೆ, ಬೇರೇನೂ ಆಗುವುದಿಲ್ಲ.

ಕಲ್ಲು ಹಾಸಿದವರೂ ನೆಮ್ಮದಿಯಾಗಿರಬೇಡಿ. ಸುಣ್ಣಕಲ್ಲು, ಅಮೃತಶಿಲೆ ಆಸಿಡ್ ಬಿದ್ದ ಕ್ಷಣವೇ ಹೊಳಪು ಕಳೆದುಕೊಳ್ಳುತ್ತವೆ. ಗ್ರಾನೈಟ್ ತಡೆದುಕೊಂಡರೂ ಸಂದಿನ ಸಿಮೆಂಟು ತಡೆಯುವುದಿಲ್ಲ, ಕಲ್ಲಿನೊಳಗೆ ಕಬ್ಬಿಣದ ಅಂಶವಿದ್ದರೆ ಹಳದಿ ತುಕ್ಕಿನ ಕಲೆ ಬೇರೆ ಮೂಡುತ್ತದೆ. ಹಬೆಗೆ ಹತ್ತಿರದ ಗೇಟು, ಕಂಬಿ ತುಕ್ಕು ಹಿಡಿಯುತ್ತವೆ. 'ವಿನೆಗರ್ ನೈಸರ್ಗಿಕ ತಾನೇ' ಎನ್ನುವವರಿಗೂ ಇದೇ ಉತ್ತರ: ಅದೂ ಆಸಿಡ್ಡೇ, ತಿನ್ನುವುದು ನಿಧಾನ.

ಹಾಗಾದರೆ ಏನು ಮಾಡಬೇಕು? ದಪ್ಪ ಪಾಚಿಯನ್ನು ಮೊದಲು ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಕೆರೆದು ತೆಗೆಯಿರಿ. ಸುತ್ತಲಿನ ಗಿಡಗಳಿಗೆ, ಮಣ್ಣಿಗೆ ಚೆನ್ನಾಗಿ ನೀರು ಹಾಕಿ. ಮನೆಬಳಕೆಯ ದ್ರವ ಬ್ಲೀಚ್‌ನಲ್ಲಿ ಸಾಮಾನ್ಯವಾಗಿ 4ರಿಂದ 6 ಶೇಕಡ ಸೋಡಿಯಂ ಹೈಪೊಕ್ಲೋರೈಟ್ ಇರುತ್ತದೆ. ಅದರ 1 ಪಾಲಿಗೆ 4 ಪಾಲು ನೀರು ಬೆರೆಸಿ, ಬಿಸಿಲಿಲ್ಲದ ಹೊತ್ತಿನಲ್ಲಿ ನೆಲ ನೆನೆಯುವಂತೆ ಹಾಕಿ. 10ರಿಂದ 15 ನಿಮಿಷ ಬಿಡಿ. ಮಧ್ಯೆ ಒಣಗಲು ಬಿಡಬೇಡಿ, ಒಣಗಿದರೆ ಕೆಲಸ ನಿಂತಂತೆ. ಆಮೇಲೆ ಗಟ್ಟಿ ನೈಲಾನ್ ಬ್ರಶ್‌ನಿಂದ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆದು, ಗಿಡಗಳಿಗೆ ಮತ್ತೊಮ್ಮೆ ನೀರು ಹಾಕಿ. ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚಿಂಗ್ ಪೌಡರ್‌ನಿಂದಲೂ ಕೆಲಸ ಆಗುತ್ತದೆ, ಆದರೆ ಸುಣ್ಣದ ಬಿಳಿ ಗಸಿ ಉಳಿಯುತ್ತದೆ. ಕಲಸಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿ.

ಮತ್ತೆ ದಯವಿಟ್ಟು, 'ಎರಡೂ ಸೇರಿಸಿದರೆ ಡಬಲ್ ಪವರ್' ಎಂದು ಬ್ಲೀಚ್‌ಗೆ ಆಸಿಡ್ ಸುರಿಯಬೇಡಿ. ಹೊರಬರುವುದು ಕ್ಲೋರಿನ್ ಅನಿಲ, ಶ್ವಾಸಕೋಶ ಸುಡುತ್ತದೆ. ಬಯಲಲ್ಲೇ ಇದ್ದೇವಲ್ಲ ಎಂಬ ಧೈರ್ಯವೂ ಬೇಡ.

ಪಾಚಿ ಬಾರದಂತೆ ನೋಡಿಕೊಳ್ಳುವುದು ಔಷಧಿಯಲ್ಲಿಲ್ಲ, ವಾಟದಲ್ಲಿದೆ. ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇಳಿಜಾರು ಇರಬೇಕು, ಅದೂ ಗೋಡೆಯಿಂದ ಆಚೆಗೆ. ಅಂಗಳಕ್ಕೆಲ್ಲ ನೀರು ಸುರಿದು ಒಂದು ಗಂಟೆ ಬಿಟ್ಟು ಬನ್ನಿ. ನೀರು ನಿಂತ ಜಾಗವನ್ನು ಸೀಮೆಸುಣ್ಣದಿಂದ ಗುರುತು ಹಾಕಿ. ಪಾಚಿ ಮೊದಲು ಹುಟ್ಟುವುದು ಅಲ್ಲೇ. ಆ ತಗ್ಗು ತುಂಬಿಸಿ, ಹೂಕುಂಡಗಳ ಕೆಳಗೆ ಇಟ್ಟಿಗೆ ಚೂರಿಟ್ಟು ಗಾಳಿ ಆಡುವಂತೆ ಮಾಡಿ, ನೆರಳು ಕವಿದ ಕೊಂಬೆ ಸವರಿ.

ಆಸಿಡ್‌ಗೆ ಕೆಲಸವೇ ಇಲ್ಲವೆಂದಲ್ಲ. ಹೊಸ ಟೈಲ್ಸ್ ಮೇಲೆ ಉಳಿದ ಸಿಮೆಂಟಿನ ಮಬ್ಬಿಗೆ, ನೆಲದಿಂದ ಹೊರಬಂದು ಗಟ್ಟಿಯಾದ ಬಿಳಿ ಉಪ್ಪಿಗೆ ಅದು ಸರಿ. ಉಪ್ಪಾದರೆ ಮೊದಲು ಒಣ ಬ್ರಶ್‌ನಿಂದ ಕೆರೆದು ಗುಡಿಸಿ ಹಾಕಿ. ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಹೋಗದಿದ್ದರೆ ಮಾತ್ರ ನೆಲ ಒದ್ದೆ ಮಾಡಿಕೊಂಡು, 1 ಪಾಲು ಆಸಿಡನ್ನು 10 ಪಾಲಿಗೂ ಹೆಚ್ಚು ನೀರಿಗೆ ಹಾಕಿ (ನೀರನ್ನು ಆಸಿಡ್‌ಗೆ ಹಾಕಬೇಡಿ, ಸಿಡಿಯುತ್ತದೆ), ಒಂದು ಮೂಲೆಯಲ್ಲಿ ಪರೀಕ್ಷಿಸಿ, ಕೊನೆಗೆ ಅಡುಗೆ ಸೋಡಾ ನೀರಿನಿಂದ ತೊಳೆಯಿರಿ.

ಯಾರೂ ಕೇಳಲಿಲ್ಲ, ಆದರೂ ಮರದ ಡೆಕ್ (ಹಲಗೆ ಹಾಸಿದ ಹೊರಜಗಲಿ) ಇರುವವರಿಗೆ ಒಂದು ಮಾತು. ಮೇಲಿನ ಬ್ಲೀಚ್ ಲೆಕ್ಕ ಮರಕ್ಕಲ್ಲ. ಪದೇ ಪದೇ ಬ್ಲೀಚ್ ಬಿದ್ದರೆ ಮರ ಸುಣ್ಣ ಬಳಿದಂತೆ ಬಿಳಿಚಿ, ನಾರು ಎದ್ದು ನಿಲ್ಲುತ್ತದೆ. ಅಲ್ಲಿ ನೀರಿನಲ್ಲಿ ಕರಗಿ ಆಮ್ಲಜನಕ ಬಿಡುವ ಪುಡಿ, ಸೋಡಿಯಂ ಪರ್‌ಕಾರ್ಬೊನೇಟ್ ಬಳಸಿ: ಲೀಟರ್ ಬಿಸಿನೀರಿಗೆ ಸುಮಾರು 30 ಗ್ರಾಂ, ಆಗಿಂದಾಗಲೇ ಕಲಸಿದ್ದು, 15–20 ನಿಮಿಷ. ಪ್ರೆಶರ್ ವಾಷರ್ ಇಟ್ಟುಕೊಂಡವರು ಮೆದು ಮರಕ್ಕೆ 500–600 ಪಿಎಸ್‌ಐ (ನೀರಿನ ಒತ್ತಡದ ಅಳತೆ) ದಾಟದಂತೆ, ಅಗಲ ಚೆಲ್ಲುವ ನಾಝಲ್ ಹಾಕಿ, ನಾರಿನ ಉದ್ದಕ್ಕೇ ಓಡಿಸಬೇಕು. ಹಲಗೆ ಸಂದುಗಳ ಕಸವನ್ನು ಚಪ್ಪಟೆ ಪಟ್ಟಿಯಿಂದ ತೆಗೆಯಿರಿ. ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ; ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ, ಮೇಲೆ ಪಾಲಿಶ್ ಹೊಡೆದು ಪ್ರಯೋಜನವಿಲ್ಲ.

ಮರದ ಮೇಲೆ ನೀರಿನ ಹನಿ ಉರುಳದೆ ಒಂದೆರಡು ನಿಮಿಷದಲ್ಲಿ ಇಂಗಿದರೆ ಎಣ್ಣೆ ಕೊಡುವ ಕಾಲ ಬಂದಿದೆ. ಎರಡು ದಿನ ಚೆನ್ನಾಗಿ ಒಣಗಿದ ಮೇಲೆ ತೆಳುವಾಗಿ ಸವರಿ, ಹೀರದೆ ಉಳಿದದ್ದನ್ನು 15–20 ನಿಮಿಷದಲ್ಲಿ ಒರೆಸಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥವು ಒಣಗುವಾಗ ಬಿಸಿಯಾಗುತ್ತವೆ, ಮುದ್ದೆಯೊಳಗೆ ಆ ಬಿಸಿ ಏರಿ ಕಡ್ಡಿ ಗೀರದೆಯೂ ಬೆಂಕಿ ಹತ್ತುತ್ತದೆ. ಹೊರಗೆ ಒಂದೊಂದಾಗಿ ಹರಡಿ ಗಟ್ಟಿಯಾಗುವಷ್ಟು ಒಣಗಿಸಿ, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ.